ಚೆಂಡು ಕಸಿದ ಮೇಲಿನ ಕೆಲಸ: ರಾಯ್ ಕೀನ್ ಅವರ ಆಟ

ಕೇಳುಗರಿಗೆಲ್ಲ ನಮಸ್ಕಾರ. ಮೈದಾನದ ನಡುವೆ ನಿಂತು ಕೆಚ್ಚಿನಿಂದ ಕಾದಾಡುವ ಒಬ್ಬ ಫುಟ್‌ಬಾಲ್ ಆಟಗಾರನ ಕುರಿತು ಮಾತನಾಡಬೇಕೆಂದು ಬಾನುಲಿ ಕೇಂದ್ರದವರು ಕೇಳಿದಾಗ, ಐರ್ಲೆಂಡಿನ ರಾಯ್ ಕೀನ್ ಅವರ ಹೆಸರು ಹೇಳಲು ನನಗೆ ಯೋಚನೆ ಬೇಕಾಗಲಿಲ್ಲ. ಆದರೆ ಅವರ ಕೆಂಪು ಕಾರ್ಡುಗಳ ಲೆಕ್ಕದಿಂದ ಮಾತನ್ನು ಆರಂಭಿಸುವುದಿಲ್ಲವೆಂದು ಆಗಲೇ ತಿಳಿಸಿದ್ದೆ. ಆ ಲೆಕ್ಕವನ್ನು ಹೇಳುವವರು ಬೇಕಾದಷ್ಟು ಜನರಿದ್ದಾರೆ. ಅವರು ಹೇಳದೆ ಬಿಡುವ ಸಂಗತಿಯನ್ನು ನಾನು ಇಂದು ಹೇಳಬೇಕಾಗಿದೆ. ಎದುರಾಳಿಯ ಕಾಲಿನಿಂದ ಚೆಂಡನ್ನು ಕಸಿಯುವುದು ಮೈದಾನದ ನಡುಭಾಗದಲ್ಲಿ ಆಡುವ ಮಿಡ್‌ಫೀಲ್ಡರನ ಅರ್ಧ ಕೆಲಸ ಮಾತ್ರ. ಕಸಿದ ಚೆಂಡನ್ನು ತಡಮಾಡದೆ ತನ್ನ ತಂಡದವನ ಕಾಲಿಗೆ ತಲುಪಿಸುವುದು ಉಳಿದರ್ಧ. ಕೀನ್ ದೊಡ್ಡ ಆಟಗಾರರಾದದ್ದು ಈ ಎರಡನೆಯ ಅರ್ಧದಿಂದ.

ಅವರು ಹುಟ್ಟಿದ್ದು 1971ರಲ್ಲಿ, ಐರ್ಲೆಂಡಿನ ಕಾರ್ಕ್ ನಗರದಲ್ಲಿ. ಹುಡುಗನಾಗಿದ್ದಾಗ ಮೈಕಟ್ಟು ಸಣ್ಣದೆಂಬ ಕಾರಣಕ್ಕೆ ಆಯ್ಕೆಗಾರರು ಅವರತ್ತ ಹೆಚ್ಚು ಗಮನ ಕೊಡಲಿಲ್ಲ. ಕೋವ್ ರ‍್ಯಾಂಬ್ಲರ್ಸ್ ಎಂಬ ಚಿಕ್ಕ ತಂಡದಲ್ಲಿ ಆಡುತ್ತಿದ್ದ ಅವರನ್ನು 1990ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಫಾರೆಸ್ಟ್ ತಂಡ ಕರೆಸಿಕೊಂಡಿತು. ಅಲ್ಲಿನ ವ್ಯವಸ್ಥಾಪಕರು ಬ್ರಯನ್ ಕ್ಲಫ್. ಚೆಂಡು ಹುಲ್ಲಿನ ಮೇಲೆ ಉರುಳುತ್ತಲೇ ಒಬ್ಬರಿಂದೊಬ್ಬರಿಗೆ ಸಾಗಬೇಕೆಂದು ಹಠ ಹಿಡಿಯುತ್ತಿದ್ದ ಮನುಷ್ಯ. ಹತ್ತೊಂಬತ್ತು ವರ್ಷದ ಹುಡುಗನನ್ನು ಅವರು ಮೊದಲ ಪಂದ್ಯಕ್ಕೆ ಇಳಿಸಿದ್ದು ಲಿವರ್‌ಪೂಲ್ ತಂಡದ ವಿರುದ್ಧ, ಅದೂ ಆ ತಂಡದ ಸ್ವಂತ ಮೈದಾನವಾದ ಆನ್‌ಫೀಲ್ಡಿನಲ್ಲಿ. ಅದೇ ಋತುವಿನ ಕೊನೆಗೆ, 1991ರಲ್ಲಿ, ಆ ಹುಡುಗ ಇಂಗ್ಲೆಂಡಿನ ತಂಡಗಳ ದೊಡ್ಡ ಟೂರ್ನಿಯಾದ ಎಫ್‌.ಎ. ಕಪ್ ಫೈನಲ್ ಆಡುತ್ತಿದ್ದ. ಕೀನ್ ಅವರನ್ನು ಬರಿಯ ಒರಟನೆಂದು ಕರೆಯುವವರು ಅವರು ಯಾರ ಕೈಕೆಳಗೆ ಪಳಗಿದರೆಂಬುದನ್ನು ಸ್ವಲ್ಪ ನೋಡಬೇಕು.

1993ರಲ್ಲಿ ಫಾರೆಸ್ಟ್ ತಂಡ ಕೆಳಗಿನ ದರ್ಜೆಗೆ ಇಳಿಯಿತು. ಆಗ ಮ್ಯಾಂಚೆಸ್ಟರ್ ಯುನೈಟೆಡ್ 37.5 ಲಕ್ಷ ಪೌಂಡ್ ಕೊಟ್ಟು ಕೀನ್ ಅವರನ್ನು ಕೊಂಡಿತು. ಬ್ರಿಟನ್ನಿನಲ್ಲಿ ಅಂದಿನ ಮಟ್ಟಿಗೆ ಅದು ದಾಖಲೆಯ ಮೊತ್ತ. 1997ರಲ್ಲಿ ಎರಿಕ್ ಕ್ಯಾಂಟೊನಾ ನಿವೃತ್ತರಾದಾಗ ನಾಯಕತ್ವ ಕೀನ್ ಅವರ ಪಾಲಿಗೆ ಬಂತು. ಹೊಸ ಋತು ಆರಂಭವಾದ ಕೆಲವೇ ವಾರಗಳಲ್ಲಿ ಲೀಡ್ಸ್ ತಂಡದ ಎದುರು ಆಡುವಾಗ ಅವರ ಮೊಣಕಾಲಿನ ಅಸ್ಥಿರಜ್ಜು ಹರಿಯಿತು, ಉಳಿದ ಋತುವೆಲ್ಲ ಕೈತಪ್ಪಿತು. ಆ ವರ್ಷದ ಲೀಗ್ ಪ್ರಶಸ್ತಿಯನ್ನು ಆರ್ಸೆನಲ್ ಕೊಂಡೊಯ್ದಿತು. ಮರುವರ್ಷ ಅವರು ಮರಳಿ ಬಂದರು, ಯುನೈಟೆಡ್ ಒಂದೇ ಋತುವಿನಲ್ಲಿ ಮೂರು ದೊಡ್ಡ ಪ್ರಶಸ್ತಿಗಳನ್ನು ಗೆದ್ದಿತು. ಇದನ್ನು ಕಾಕತಾಳೀಯವೆನ್ನುವವರ ಜೊತೆ ವಾದಕ್ಕಿಳಿಯುವ ತಾಳ್ಮೆ ನನಗಿಲ್ಲ.

ಈಗ ನಿಮ್ಮನ್ನು ಇಟಲಿಯ ಟ್ಯೂರಿನ್ ನಗರಕ್ಕೆ ಕರೆದೊಯ್ಯುತ್ತೇನೆ. 1999ರ ಏಪ್ರಿಲ್ 21, ಯುರೋಪಿನ ತಂಡಗಳ ಅತಿದೊಡ್ಡ ಟೂರ್ನಿಯಾದ ಚಾಂಪಿಯನ್ಸ್ ಲೀಗ್ ಸೆಮಿಫೈನಲಿನ ಎರಡನೆಯ ಪಂದ್ಯ, ಎದುರಾಳಿ ಜುವೆಂಟಸ್. ಮ್ಯಾಂಚೆಸ್ಟರಿನಲ್ಲಿ ನಡೆದ ಮೊದಲ ಪಂದ್ಯ 1-1ರಲ್ಲಿ ಮುಗಿದಿತ್ತು. ಅದೂ ಕೊನೆಯ ಗಳಿಗೆಯಲ್ಲಿ ರಯನ್ ಗಿಗ್ಸ್ ಹೊಡೆದ ಗೋಲಿನ ಪುಣ್ಯದಿಂದ. ಜುವೆಂಟಸ್ ತಂಡದ ನಡುಭಾಗದಲ್ಲಿ ಜಿನೆದಿನ್ ಜಿದಾನ್, ಎಡ್ಗರ್ ಡೇವಿಡ್ಸ್, ದಿದಿಯೆ ದೆಶಾಂಪ್ ಇದ್ದರು. ಅವರಲ್ಲಿ ಜಿದಾನ್ ಮತ್ತು ದೆಶಾಂಪ್ ಹಿಂದಿನ ವರ್ಷವಷ್ಟೇ ವಿಶ್ವಕಪ್ ಎತ್ತಿ ಬಂದವರು. ಆಟ ಆರಂಭವಾಗಿ ಹನ್ನೊಂದು ನಿಮಿಷ ಕಳೆಯುವುದರೊಳಗೆ ಫಿಲಿಪ್ಪೊ ಇನ್‌ಝಾಗಿ ಎರಡು ಗೋಲು ಹೊಡೆದಿದ್ದರು. ಎಲ್ಲ ಮುಗಿಯಿತೆಂದು ಜನ ಅಂದುಕೊಂಡರೆ ಅದರಲ್ಲಿ ತಪ್ಪೇನೂ ಇರಲಿಲ್ಲ.

ಆ ಹೊತ್ತಿನಲ್ಲಿ ಕಾದಾಡುವ ಆಟಗಾರನಿಂದ ನೀವು ಏನನ್ನು ನಿರೀಕ್ಷಿಸುತ್ತೀರಿ? ಯಾರನ್ನಾದರೂ ಜೋರಾಗಿ ಕೆಡವಿ ತನ್ನವರನ್ನು ಹುರಿದುಂಬಿಸುವುದನ್ನಲ್ಲವೇ? ಕೀನ್ ಮಾಡಿದ್ದು ಬೇರೆ. ಅವರು ಚೆಂಡನ್ನು ಕೇಳಿ ಪಡೆದರು, ಕೊಟ್ಟರು, ಮತ್ತೆ ಪಡೆಯಲು ಇನ್ನೊಂದು ಜಾಗಕ್ಕೆ ಓಡಿದರು. ಹೆಚ್ಚಿನವು ಚಿಕ್ಕ ಪಾಸುಗಳು, ಚಪ್ಪಾಳೆ ಗಿಟ್ಟಿಸುವಂಥವೇನಲ್ಲ. ಆದರೆ ಚೆಂಡು ತಮ್ಮ ಬಳಿ ಉಳಿದಷ್ಟು ಹೊತ್ತು ಜುವೆಂಟಸ್ ಗೋಲು ಹೊಡೆಯಲಾರದು, ತಮ್ಮವರ ಉಸಿರೂ ಹದಕ್ಕೆ ಬರುತ್ತದೆ. 24ನೆಯ ನಿಮಿಷದಲ್ಲಿ ಡೇವಿಡ್ ಬೆಕಮ್ ಕಾರ್ನರಿನಿಂದ ಒದ್ದ ಚೆಂಡು ಗೋಲಿನ ಹತ್ತಿರದ ಕಂಬದತ್ತ ಬಂದಾಗ, ಎಲ್ಲರಿಗಿಂತ ಮೊದಲು ಅಲ್ಲಿಗೆ ತಲುಪಿದ ಕೀನ್ ಅದನ್ನು ತಲೆಯಿಂದ ಒಳಗೆ ತಿರುಗಿಸಿದರು. ಸಂಭ್ರಮಿಸುತ್ತಾ ನಿಲ್ಲದೆ ಮೈದಾನದ ತಮ್ಮ ಅರ್ಧಕ್ಕೆ ಓಡಿಬಂದರು.

ಹತ್ತು ನಿಮಿಷವೂ ಆಗಿರಲಿಲ್ಲ, ತಂಡದವರೊಬ್ಬರು ಕೊಟ್ಟ ಪಾಸು ಅಳತೆ ತಪ್ಪಿತು. ಅದನ್ನು ಸರಿಪಡಿಸಲು ಹೋದ ಕೀನ್ ಜಿದಾನ್ ಅವರನ್ನು ಕೆಡವಿದರು, ರೆಫರಿ ಎಚ್ಚರಿಕೆಯ ಹಳದಿ ಕಾರ್ಡ್ ತೋರಿಸಿದರು. ಟೂರ್ನಿಯಲ್ಲಿ ಹಿಂದೆಯೇ ಕಾರ್ಡ್ ಪಡೆದಿದ್ದ ಅವರಿಗೆ ಇದರ ಅರ್ಥ ಸ್ಪಷ್ಟವಾಗಿತ್ತು: ತಂಡ ಫೈನಲ್ ತಲುಪಿದರೂ ನಾಯಕ ಆ ಪಂದ್ಯವನ್ನು ಆಡುವಂತಿಲ್ಲ. ಜೀವಮಾನದ ಅತಿದೊಡ್ಡ ಪಂದ್ಯ ಕೈಜಾರಿದೆ, ಇನ್ನೂ ಸುಮಾರು ಒಂದು ಗಂಟೆಯ ಆಟ ಬಾಕಿಯಿದೆ. ಇಂಥ ಸ್ಥಿತಿಯಲ್ಲಿ ಕಂಗೆಟ್ಟವರನ್ನು, ಸಿಟ್ಟಿಗೆದ್ದು ಇನ್ನೊಂದು ಕಾರ್ಡ್ ಪಡೆದು ಹೊರನಡೆದವರನ್ನು ಫುಟ್‌ಬಾಲ್ ಸಾಕಷ್ಟು ಕಂಡಿದೆ. ಕೀನ್ ಅವರ ಆಟದಲ್ಲಿ ಒಂದು ಎಳೆಯಷ್ಟೂ ವ್ಯತ್ಯಾಸ ಕಾಣಲಿಲ್ಲ. ಕಸಿಯುವುದು, ಕೊಡುವುದು; ಮತ್ತೆ ಕಸಿಯುವುದು, ಮತ್ತೆ ಕೊಡುವುದು. ಮರುನಿಮಿಷವೇ ಡ್ವೈಟ್ ಯಾರ್ಕ್ ತಲೆಯಿಂದ ಎರಡನೆಯ ಗೋಲು ಹೊಡೆದರು. ಎದುರಾಳಿಯ ಮೈದಾನದಲ್ಲಿ ಹೊಡೆದ ಗೋಲಿಗೆ ಹೆಚ್ಚು ಬೆಲೆಯಿದ್ದ ಅಂದಿನ ನಿಯಮದ ಪ್ರಕಾರ, 2-2ರಲ್ಲೇ ಯುನೈಟೆಡ್ ಮುಂದಾಗಿತ್ತು. ಪಂದ್ಯ ಮುಗಿಯಲು ಕೆಲವೇ ನಿಮಿಷಗಳಿದ್ದಾಗ ಆಂಡಿ ಕೋಲ್ ಮೂರನೆಯದನ್ನೂ ಸೇರಿಸಿದರು. ಮುಂದೆ ಮೇ 26ರಂದು ಬಾರ್ಸಿಲೋನಾದಲ್ಲಿ ಬಯರ್ನ್ ಮ್ಯೂನಿಕ್ ವಿರುದ್ಧ ತೊಂಬತ್ತು ನಿಮಿಷಗಳ ಮೇಲೆ ರೆಫರಿ ಸೇರಿಸಿದ ಸಮಯದ ಎರಡು ಗೋಲುಗಳಿಂದ ಯುನೈಟೆಡ್ ಗೆದ್ದಾಗ, ಅಮಾನತಿನಲ್ಲಿದ್ದ ಕೀನ್ ಅಂಗಣದ ಹೊರಗೇ ಉಳಿದಿದ್ದರು. ಆದರೆ ಆ ಫೈನಲ್‌ವರೆಗೆ ತಂಡವನ್ನು ಕರೆದೊಯ್ದದ್ದು ಟ್ಯೂರಿನ್ನಿನ ಆ ಪಾಸುಗಳು. ಚೆಂಡು ಕಸಿಯುವ ಟ್ಯಾಕಲ್‌ಗಳಲ್ಲ, ಪಾಸುಗಳು, ಇದನ್ನು ಇನ್ನೊಮ್ಮೆ ಹೇಳಿದ್ದಕ್ಕೆ ಬೇಸರಿಸಬೇಡಿ.

ಸಮಯ ಮುಗಿಯುತ್ತಿದೆಯೆಂದು ಗಾಜಿನಾಚೆಯಿಂದ ಸನ್ನೆ ಬರುತ್ತಿದೆ. ಆದ್ದರಿಂದ ಉಳಿದುದನ್ನು ಅವಸರದಲ್ಲೇ ಹೇಳಬೇಕಾಗಿದೆ. 2000ರಲ್ಲಿ ಇಂಗ್ಲೆಂಡಿನ ಆಟಗಾರರ ಸಂಘವೂ ಫುಟ್‌ಬಾಲ್ ಬರಹಗಾರರ ಸಂಘವೂ ಅವರನ್ನೇ ವರ್ಷದ ಆಟಗಾರನೆಂದು ಆರಿಸಿದವು. 2001ರಲ್ಲಿ ಮ್ಯಾಂಚೆಸ್ಟರ್ ಸಿಟಿಯ ಆಲ್ಫಿ ಹಾಲೆಂಡ್ ಅವರ ಮೊಣಕಾಲಿನ ಮೇಲೆ ಕೀನ್ ಮಾಡಿದ ಟ್ಯಾಕಲ್ ಕೆಟ್ಟದ್ದು, ಅದನ್ನು ಸಮರ್ಥಿಸಲು ನಾನು ಇಲ್ಲಿ ಕುಳಿತಿಲ್ಲ. ತಮ್ಮ ಆತ್ಮಕಥೆಯಲ್ಲಿ ಅದರ ಬಗ್ಗೆ ಹೇಳಿಕೊಂಡದ್ದಕ್ಕೆ ಮರುವರ್ಷ ಐದು ಪಂದ್ಯಗಳ ನಿಷೇಧವನ್ನೂ ಒಂದೂವರೆ ಲಕ್ಷ ಪೌಂಡ್ ದಂಡವನ್ನೂ ಅವರು ಎದುರಿಸಿದರು. 2002ರ ವಿಶ್ವಕಪ್‌ಗೆ ಮುನ್ನ ಸೈಪಾನ್ ದ್ವೀಪದಲ್ಲಿ, ಅಭ್ಯಾಸದ ಸೌಲಭ್ಯಗಳ ವಿಚಾರವಾಗಿ ಐರ್ಲೆಂಡ್ ತಂಡದ ವ್ಯವಸ್ಥಾಪಕ ಮಿಕ್ ಮೆಕಾರ್ತಿ ಅವರೊಡನೆ ಜಗಳವಾಗಿ, ಒಂದೂ ಪಂದ್ಯವಾಡದೆ ಮನೆಗೆ ಮರಳಿದರು. ಇದೊಂದು ವಿಷಯಕ್ಕೇ ಇನ್ನೊಂದು ಭಾಷಣ ಬೇಕು.

ಯುನೈಟೆಡ್ ಪರವಾಗಿ 480 ಪಂದ್ಯಗಳು, ಏಳು ಲೀಗ್ ಪ್ರಶಸ್ತಿಗಳು, ನಾಲ್ಕು ಎಫ್‌.ಎ. ಕಪ್‌ಗಳು. 2005ರ ನವೆಂಬರಿನಲ್ಲಿ ಆ ತಂಡವನ್ನು ಬಿಟ್ಟು, ಬಳಿಕ ಸ್ಕಾಟ್ಲೆಂಡಿನ ಸೆಲ್ಟಿಕ್ ಸೇರಿದರು, ಅಲ್ಲಿಯೂ ಒಂದು ಲೀಗ್ ಪ್ರಶಸ್ತಿ ದಕ್ಕಿತು. 2006ರ ಜೂನ್ ತಿಂಗಳಲ್ಲಿ, ಸೊಂಟದ ನೋವಿನಿಂದಾಗಿ ವೈದ್ಯರ ಸಲಹೆಯಂತೆ ಆಟವನ್ನು ನಿಲ್ಲಿಸಿದಾಗ ಅವರಿಗೆ ಮೂವತ್ತನಾಲ್ಕು ವರ್ಷ. ಟ್ಯೂರಿನ್ ಪಂದ್ಯದ ಚಿತ್ರಣ ಎಲ್ಲಿಯಾದರೂ ಸಿಕ್ಕರೆ, ಗೋಲುಗಳ ತುಣುಕುಗಳನ್ನಲ್ಲ, ದಯವಿಟ್ಟು ಪೂರ್ತಿ ತೊಂಬತ್ತು ನಿಮಿಷಗಳನ್ನು ನೋಡಿ. ನಮಸ್ಕಾರ.