ಥ್ರೋ-ಇನ್ ನಮ್ಮದು, ಚೆಂಡು ಅವರದು

ನಮಸ್ಕಾರ ಎಲ್ಲರಿಗೂ. ಇವತ್ತಿನ ವಿಡಿಯೋದಲ್ಲಿ ಗೋಲು ಇಲ್ಲ, ಡ್ರಿಬ್ಲಿಂಗ್ ಇಲ್ಲ. ಪೂರ್ತಿ ಥ್ರೋ-ಇನ್, ಅಂದರೆ ಫುಟ್‌ಬಾಲಿನಲ್ಲಿ ಚೆಂಡು ಪಕ್ಕದ ಗೆರೆ ದಾಟಿ ಹೋದಾಗ ಕೈಯಿಂದ ಒಳಗೆ ಎಸೆಯುವುದು. ನಮ್ಮ ಹುಡುಗರ ಆಟ ನೋಡುತ್ತಾ ಬಂದವರಿಗೆ ಯಾಕೆ ಅಂತ ಗೊತ್ತಿರುತ್ತದೆ. ಚೆಂಡು ಗೆರೆ ದಾಟುತ್ತದೆ, ರೆಫ್ರಿ ನಮ್ಮ ಕಡೆ ಕೈ ತೋರಿಸುತ್ತಾರೆ, ನಾವು ಎಸೆಯುತ್ತೇವೆ, ಕಣ್ಣು ಮಿಟುಕಿಸುವಷ್ಟರಲ್ಲಿ ಚೆಂಡು ಎದುರಾಳಿ ಕಾಲಲ್ಲಿ. ಒಂದು ಸಲ ಅಲ್ಲ, ಮ್ಯಾಚ್ ಉದ್ದಕ್ಕೂ ಇದೇ ಕಥೆ.

ಈ ಕ್ಲಿಪ್ ನೋಡಿ. ನಮ್ಮ ಲೆಫ್ಟ್ ಬ್ಯಾಕ್ ಚೆಂಡು ಹಿಡಿದು ನಿಂತಿದ್ದಾನೆ. ಎದುರಿಗೆ ನಮ್ಮವರೇ ನಾಲ್ಕು ಜನ, ಬಸ್ ಸ್ಟಾಪಿನಲ್ಲಿ ನಿಂತ ಹಾಗೆ ನಿಂತಿದ್ದಾರೆ. ಒಬ್ಬೊಬ್ಬನ ಬೆನ್ನಿಗೂ ಒಬ್ಬ ಎದುರಾಳಿ. ಚೆಂಡು ಹಿಡಿದವನು ನನ್ನ ಕಡೆ ತಿರುಗಿ, 'ಅಣ್ಣಾ, ಯಾರಿಗೆ ಹಾಕಲಿ?' ಅಂತ ಕೇಳುವುದು ಕೇಳಿಸಿತಲ್ಲ? ಉತ್ತರ ಇಲ್ಲ. ಕೊನೆಗೆ ಗೆರೆಯ ಉದ್ದಕ್ಕೂ ಜೋರಾಗಿ ಎಸೆದ. ಅವರ ಡಿಫೆಂಡರ್ ತಲೆ ಕೊಟ್ಟ. ಮುಗಿಯಿತು.

ಮ್ಯಾಚ್ ಮುಗಿದ ಮೇಲೆ ಎಲ್ಲರೂ ಬೈಯುವುದು ಈ ಎಸೆದ ಹುಡುಗನನ್ನೇ. ಅದು ಸರಿಯಲ್ಲ, ಖಂಡಿತ ಸರಿಯಲ್ಲ. ನಮ್ಮ ಚೆಂಡು ಹೋಗುವುದು ಅವನ ಕೈಯಿಂದಲ್ಲ, ಒಳಗೆ ಅಲ್ಲಾಡದೆ ನಿಂತವರ ಕಾಲಿಂದ.

ಸುಮ್ನೆ ಲೆಕ್ಕ ಹಾಕಿ ನೋಡಿ. ಎಸೆಯುವವನು ಗೆರೆಯ ಮೇಲೆ ಅಥವಾ ಆಚೆ ನಿಂತಿರುತ್ತಾನೆ, ಎರಡೂ ಕಾಲು ನೆಲದ ಮೇಲೆ. ಗೋಲ್‌ಕೀಪರ್‌ಗಳನ್ನು ಬಿಟ್ಟರೆ ಒಳಗೆ ನಾವು ಒಂಬತ್ತು, ಅವರು ಹತ್ತು. ಒಂದು ಪಕ್ಕದಲ್ಲಿ ಗೆರೆ ಇರುವುದರಿಂದ ಆ ಕಡೆ ತಿರುಗುವ ಹಾಗೂ ಇಲ್ಲ. ಎದುರಾಳಿ 2 ಮೀಟರ್ ದೂರ ನಿಲ್ಲಬೇಕು ಅನ್ನುವ ನಿಯಮ ಇದೆ, ಆದರೆ ಅದು ಎಸೆಯುವವನಿಗೆ ಮಾತ್ರ ರಕ್ಷಣೆ. ಚೆಂಡು ತೆಗೆದುಕೊಳ್ಳುವವನ ಬೆನ್ನಿಗೆ ಅಂಟಿಕೊಂಡು ನಿಂತರೆ ಯಾರೂ ಕೇಳುವುದಿಲ್ಲ. ಇಂಗ್ಲೆಂಡಿನ ಆರ್ಸೆನಲ್ ಕ್ಲಬ್ಬಿಗೆ ಹಿಂದೆ ಕೋಚ್ ಆಗಿದ್ದ ಆರ್ಸೆನ್ ವೆಂಗರ್ ಅಂಥವರೇ 2020ರಲ್ಲಿ, ಸ್ವಂತ ಅರ್ಧದಲ್ಲಿ ಥ್ರೋ-ಇನ್ ಬದಲು ಕಾಲಲ್ಲಿ ಒದೆಯಲು ಬಿಡಿ ಅಂತ ಸಲಹೆ ಕೊಟ್ಟಿದ್ದರು. ಕಷ್ಟ ನಮಗೊಬ್ಬರಿಗೇ ಅಲ್ಲ.

ಆದರೆ ಮುಂಬೈನಲ್ಲಿ ಆಡುವವರಿಗೆ ಇನ್ನೊಂದು ಕಾರಣ ಇದೆ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಟರ್ಫ್. ನಮ್ಮ ತಂಡದ ಹುಡುಗರು ಮುಲುಂಡ್, ಘಾಟ್ಕೋಪರ್, ಡೊಂಬಿವ್ಲಿ ಕಡೆಯವರು. ಅಪ್ಪಂದಿರು ಉಡುಪಿ, ಕುಂದಾಪುರ ಕಡೆಯಿಂದ ಬಂದು ಹೋಟೆಲಿನಲ್ಲೋ ಆಫೀಸಿನಲ್ಲೋ ದುಡಿದವರು. ಇವರಿಗೆ ಆಟ ಅಂದರೆ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು, ಸುತ್ತ ಬಲೆ ಕಟ್ಟಿದ ಸಣ್ಣ ಟರ್ಫಿನಲ್ಲಿ ಐದೈದು ಜನ ಆಡುವುದು. ಅಲ್ಲಿ ಚೆಂಡು ಬಲೆಗೆ ಬಡಿದು ವಾಪಸ್ ಬರುತ್ತದೆ, ಇಲ್ಲಾ ಅಂದರೆ ಗೆರೆಯ ಮೇಲಿಟ್ಟು ಕಾಲಲ್ಲೇ ಒದೆಯುತ್ತಾರೆ. ಹಾಗಾಗಿ ಚಿಕ್ಕ ಜಾಗದಲ್ಲಿ ಇವರ ಕಾಲು ಎಷ್ಟು ಚೆಂದ ಓಡುತ್ತದೆ ಗೊತ್ತಾ! ಆದರೆ ಹನ್ನೊಂದು ಜನರ ಆಟಕ್ಕೆ ದೊಡ್ಡ ಮೈದಾನಕ್ಕೆ ಬಂದು ಚೆಂಡು ಕೈಗೆ ಸಿಕ್ಕಿದ ಕೂಡಲೇ ಎಲ್ಲರೂ ಅಪರಿಚಿತರಾಗಿಬಿಡುತ್ತಾರೆ. ಮುಂಬೈನ ಕೂಪರೇಜ್‌ನಂಥ ದೊಡ್ಡ ಫುಟ್‌ಬಾಲ್ ಮೈದಾನ ಎಲ್ಲರಿಗೂ ಎಲ್ಲಿ ಸಿಗುತ್ತದೆ? ಸಿಕ್ಕಿದ ಒಂದು ಗಂಟೆಯಲ್ಲಿ ಥ್ರೋ-ಇನ್ ಅಭ್ಯಾಸ ಮಾಡೋಣ ಅಂದರೆ ಮುಖ ಸಪ್ಪಗಾಗುತ್ತದೆ.

ನಾನು ಅವರಿಗೆ ಪದೇ ಪದೇ ಹೇಳುವುದು ಇಂಗ್ಲೆಂಡಿನ ಲಿವರ್‌ಪೂಲ್ ಕ್ಲಬ್ಬಿನ ಕಥೆ. 2018ರಲ್ಲಿ ಅಲ್ಲಿನ ಆಗಿನ ಮುಖ್ಯ ಕೋಚ್ ಯುರ್ಗೆನ್ ಕ್ಲಾಪ್, ಥಾಮಸ್ ಗ್ರೊನೆಮಾರ್ಕ್ ಅನ್ನುವ ಡೆನ್ಮಾರ್ಕಿನ ಕೋಚ್ ಒಬ್ಬರನ್ನು ಕರೆಸಿಕೊಂಡರು. ಅವರ ಕೆಲಸ ಥ್ರೋ-ಇನ್ ಮಾತ್ರ. ನಕ್ಕವರು ತುಂಬಾ ಜನ. ಅದಕ್ಕಿಂತ ಹಿಂದಿನ ಸೀಸನ್‌ನಲ್ಲಿ, ಎದುರಾಳಿ ಒತ್ತಡ ಹಾಕಿದಾಗ ಲಿವರ್‌ಪೂಲ್ ಥ್ರೋ-ಇನ್‌ಗಳಲ್ಲಿ ಚೆಂಡು ಉಳಿಸಿಕೊಂಡದ್ದು ಶೇ. 45.4. ಇಪ್ಪತ್ತು ತಂಡಗಳ ಪ್ರೀಮಿಯರ್ ಲೀಗಿನಲ್ಲಿ ಈ ಲೆಕ್ಕಕ್ಕೆ 18ನೇ ಸ್ಥಾನ. ಒಂದೇ ಸೀಸನ್ ಕಳೆಯುವಷ್ಟರಲ್ಲಿ ಅದು ಶೇ. 68.4 ಆಯಿತು, ಲೀಗಿಗೇ ಮೊದಲು. ಅಷ್ಟು ದೊಡ್ಡ ಕ್ಲಬ್ಬಿಗೇ ಹೇಳಿಸಿಕೊಂಡು ಕಲಿಯಬೇಕಾಯಿತು ಅಂದರೆ ನಮ್ಮ ಹುಡುಗರು ನಾಚಿಕೊಳ್ಳುವುದು ಯಾಕೆ ಅಲ್ವಾ?

ಈಗ ಅಭ್ಯಾಸದ ಕ್ಲಿಪ್. ಕೆಂಪು ಬಿಬ್ ಹಾಕಿದವನ ಮೇಲೆ ಕಣ್ಣಿಡಿ. ಅವನು ಓಡಿ ಬರುತ್ತಿರುವುದು ಚೆಂಡಿಗಾಗಿ ಅಲ್ಲ, ತನ್ನ ಹಿಂದಿರುವವನನ್ನು ಆ ಜಾಗದಿಂದ ಎಳೆದುಕೊಂಡು ಹೋಗುವುದಕ್ಕೆ. ಅವನು ಬಿಟ್ಟ ಜಾಗಕ್ಕೆ ಇನ್ನೊಬ್ಬ ನುಗ್ಗುತ್ತಾನೆ, ಚೆಂಡು ಅವನ ಕಾಲಿಗೆ. ಎದೆಗಲ್ಲ, ಮಂಡಿಗಲ್ಲ, ಒಂದೇ ಟಚ್‌ನಲ್ಲಿ ವಾಪಸ್ ಕೊಡುವ ಹಾಗೆ ಕಾಲಿಗೆ. ವಾಪಸ್ ಯಾರಿಗೆ? ಎಸೆದವನಿಗೇ! ನಾನು ಮ್ಯಾಚ್ ವಿಡಿಯೋಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡಿದಾಗ ಕಂಡದ್ದು ಇದೇ. ಎಸೆದವನನ್ನು ತಡೆಯುವುದಕ್ಕೆ ಎಷ್ಟೋ ಸಲ ಎದುರಾಳಿಗಳಲ್ಲಿ ಯಾರೂ ಇರುವುದಿಲ್ಲ. ಅವನು ಒಳಗೆ ಕಾಲಿಟ್ಟ ಕ್ಷಣ ನಾವೂ ಹತ್ತು. ಆದರೆ ನಮ್ಮವರು ಎಸೆದು ಅಲ್ಲೇ ನಿಂತು ನೋಡುತ್ತಿದ್ದರು.

ನಮ್ಮ ಸ್ಟ್ರೈಕರ್‌ಗೆ ಬೇರೆಯೇ ಪಾಠ ಬೇಕಾಯಿತು. ಥ್ರೋ-ಇನ್‌ನಿಂದ ನೇರ ಬರುವ ಚೆಂಡಿಗೆ ಆಫ್‌ಸೈಡ್ (ಡಿಫೆಂಡರ್ ಸಾಲು ದಾಟಿ ನಿಂತವನಿಗೆ ಚೆಂಡು ಕೊಟ್ಟರೆ ತಪ್ಪು ಅನ್ನುವ ನಿಯಮ) ಇಲ್ಲ, 1920ರಿಂದಲೂ ಇಲ್ಲ. ಆದರೂ ಅವನು ಡಿಫೆಂಡರ್ ಸಾಲಿನಲ್ಲೇ ಕಾಯುತ್ತಾ ನಿಲ್ಲುತ್ತಿದ್ದ. ಈಗ ಆ ಸಾಲಿನ ಹಿಂದೆ ಹೋಗಿ ನಿಲ್ಲುತ್ತಾನೆ, ಅವರ ಒಬ್ಬ ಬ್ಯಾಕ್ ಅವನ ಜೊತೆ ಹೋಗಲೇಬೇಕು, ನಡುವೆ ಜಾಗ ಆಗುತ್ತದೆ. ಏನೂ ಇಲ್ಲದಿದ್ದರೆ ಹಿಂದಕ್ಕೆ, ಗೋಲ್‌ಕೀಪರ್‌ಗೆ ಹಾಕಿ. ಅವನು ಕೈ ಹಚ್ಚುವ ಹಾಗಿಲ್ಲ, ಅಷ್ಟು ನೆನಪಿರಲಿ. ಹಿಂದಕ್ಕೆ ಹಾಕುವುದು ಹೇಡಿತನ ಅಂತ ಗೆರೆಯ ಆಚೆ ನಿಂತ ದೊಡ್ಡವರು ಕೂಗುತ್ತಾರೆ. ಕೂಗಲಿ. ಚೆಂಡು ನಮ್ಮ ಹತ್ತಿರ ಇದೆಯಲ್ಲ.

ಮಳೆಗಾಲದಲ್ಲಿ ಇದೆಲ್ಲ ಇನ್ನೂ ಕಷ್ಟ. ಜುಲೈ ಮಳೆಯಲ್ಲಿ ನೆನೆದ ಚೆಂಡು ಕೈಯಿಂದ ಜಾರುತ್ತದೆ, ಜೋರು ಹಾಕಲು ಹೋಗಿ ಹಿಂದಿನ ಕಾಲು ನೆಲ ಬಿಡುತ್ತದೆ, ಸೀಟಿ, ಥ್ರೋ-ಇನ್ ಎದುರಾಳಿಗೆ. ಜರ್ಸಿ ಒಳಗಿನ ಒಣ ಬನಿಯನ್‌ಗೆ ಒರೆಸಿ, ದೂರ ಎಸೆಯುವ ಆಸೆ ಬಿಟ್ಟು, ಹತ್ತಿರದವನಿಗೆ ಕೊಡಿ ಅಂತ ಹೇಳಿದ್ದೇನೆ.

ಬಲಗಡೆ ಈಗ ಪರವಾಗಿಲ್ಲ, ಅಲ್ಲಿನ ಮೂವರಿಗೆ ಒಬ್ಬರ ಓಟ ಒಬ್ಬರಿಗೆ ಗೊತ್ತಾಗುತ್ತಿದೆ. ಎಡಗಡೆ ಇನ್ನೂ ಕೈಕೊಡುತ್ತಿದೆ. ಮುಂದಿನ ವಾರದಿಂದ ಆಟ ಶುರುವಾಗುವ ಮೊದಲು ಎಡಗಡೆಯವರಿಗೆ ಮಾತ್ರ ಬೇಗ ಬರಲು ಹೇಳಿದ್ದೇನೆ. ನಿಮ್ಮ ತಂಡದಲ್ಲಿ ಯಾವುದಾದರೂ ಓಟ ಚೆನ್ನಾಗಿ ಕೆಲಸ ಮಾಡಿದ್ದರೆ ಕಾಮೆಂಟಿನಲ್ಲಿ ಬರೆಯಿರಿ, ಮೈದಾನದಲ್ಲಿ ಮಾಡಿಸಿ ನೋಡುತ್ತೇನೆ.