ಕರಾವಳಿಯಲ್ಲಿ ಎಣ್ಣೆಬಣ್ಣದ ಭಾವಚಿತ್ರ

ಕೇಳುಗರೆಲ್ಲರಿಗೂ ನಮಸ್ಕಾರ. ಎಣ್ಣೆಬಣ್ಣದಲ್ಲಿ ಶಾಸ್ತ್ರೀಯ ರೀತಿಯ ಭಾವಚಿತ್ರ ಬರೆಯಲು ಕಲಿಯುವವರು ಮೊದಲು ಬೆಳಕನ್ನು ನೋಡಿಕೊಳ್ಳಬೇಕು. ನೇರ ಬಿಸಿಲು ಬೀಳದಿರಲೆಂದು ಎದುರು ಕೂರುವವರನ್ನು ಉತ್ತರದ ಕಿಟಕಿಯ ಬಳಿ ಕೂರಿಸಿ ಎನ್ನುವುದು ಯುರೋಪಿನ ಪಾಠ. ಆದರೆ ನಮ್ಮ ಕಾರವಾರ ಇರುವುದು ಸುಮಾರು 15 ಡಿಗ್ರಿ ಅಕ್ಷಾಂಶದಲ್ಲಿ. ಮೇ ತಿಂಗಳಲ್ಲಿ ನಮ್ಮ ಸೂರ್ಯ ನಡುಹಗಲಲ್ಲೂ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ಹಾಗಾಗಿ ಆ ಕಿಟಕಿಗೆ ತೆಳುವಾದ ಬಿಳಿ ಪಂಚೆ ಕಟ್ಟಿ. ಇಲ್ಲದಿದ್ದರೆ ಮುಖದ ನೆರಳು ಗಳಿಗೆಗೊಂದು ಕಡೆ ಸರಿಯುತ್ತದೆ.

ರೇಖೆ ಹಾಕುವಾಗ ಒಂದು ಮಾತು ನೆನಪಿರಲಿ: ನೆತ್ತಿಯಿಂದ ಗದ್ದದವರೆಗಿನ ಎತ್ತರದಲ್ಲಿ ಕಣ್ಣು ಬರುವುದು ಸರಿಸುಮಾರು ನಡುವೆ. ಹೊಸಬರು ಅದನ್ನು ಮೇಲಕ್ಕೆ ಏರಿಸಿಬಿಡುತ್ತಾರೆ.

ನಂತರ ರಾ ಅಂಬರ್ ಎಂಬ ಕಂದು ಬಣ್ಣವನ್ನು ಟರ್ಪೆಂಟೈನ್‌ನಲ್ಲಿ ತೆಳುಮಾಡಿ ಇಡೀ ಕ್ಯಾನ್ವಾಸಿಗೆ ಸವರಿ, ಬೆಳಕು ಬೀಳುವ ಜಾಗವನ್ನು ಬಟ್ಟೆಯಿಂದ ಒರೆಸಿ ತೆಗೆಯಿರಿ. ಕಣ್ಣು ಕಿರಿದು ಮಾಡಿ ನೋಡಿದರೆ ಬೆಳಕು, ನಡುಛಾಯೆ, ಕತ್ತಲು ಎಂಬ ಮೂರೇ ಭಾಗ ಕಾಣಬೇಕು. ಈ ಹಂತಕ್ಕೆ ಎಷ್ಟು ದಿನ ಕೊಟ್ಟರೂ ಹೆಚ್ಚಲ್ಲ. ಮುಖದ ಹೋಲಿಕೆ ಕೂಡುವುದೇ ಇಲ್ಲಿ. ಇಲ್ಲಿ ತಪ್ಪಿದ್ದನ್ನು ಆಮೇಲೆ ಯಾವ ಬಣ್ಣವೂ ಸರಿಪಡಿಸದು. ಅಂಬರಿನಲ್ಲಿ ಮ್ಯಾಂಗನೀಸ್ ಇರುವುದರಿಂದ ಅದು ಬೇಗ ಒಣಗುತ್ತದೆ, ಅಡಿಪದರಕ್ಕೆ ಒಳ್ಳೆಯದು. ಐವರಿ ಬ್ಲ್ಯಾಕ್ ಎಂಬ ಕಪ್ಪು ಒಣಗುವುದು ತೀರ ನಿಧಾನ. ಅದನ್ನು ಅಡಿಯಲ್ಲಿ ದಪ್ಪಗೆ ಹಾಕಿದರೆ, ಮೇಲಿನ ಪದರ ಮೊದಲೇ ಗಟ್ಟಿಯಾಗಿ ಬಿರುಕು ಬಿಡುತ್ತದೆ.

ಬಣ್ಣದಲ್ಲಿರುವ ಅಗಸೆ ಎಣ್ಣೆ ನೀರಿನಂತೆ ಆರುವುದಿಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ, ಎಣ್ಣೆ ಹೆಚ್ಚಿದ್ದಷ್ಟೂ ನಿಧಾನ. ಆದ್ದರಿಂದ ಅಡಿಪದರದಲ್ಲಿ ಎಣ್ಣೆ ಕಡಿಮೆ, ಮೇಲೇರಿದಂತೆ ತುಸು ಹೆಚ್ಚು. ಮಳೆಗಾಲದಲ್ಲಿ ಪದರಗಳ ನಡುವೆ ಇನ್ನಷ್ಟು ದಿನ ಕಾಯಬೇಕು. ಬೆರಳಿಗೆ ಅಂಟುತ್ತಿರುವಷ್ಟು ದಿನ ಮುಂದಿನ ಪದರ ಬೇಡ. ಹಸಿ ಚಿತ್ರವನ್ನು ಕತ್ತಲ ಕಪಾಟಿನಲ್ಲಿಟ್ಟರೆ ಎಣ್ಣೆ ಹಳದಿಗಟ್ಟುತ್ತದೆ, ಬೂಸ್ಟೂ ಹಿಡಿಯುತ್ತದೆ. ಗಾಳಿ ಬೆಳಕು ಆಡುವ ಕೋಣೆಯಲ್ಲಿ, ಗೋಡೆಗೆ ತಾಗದಂತೆ ನಿಲ್ಲಿಸಿ. ತೇವಕ್ಕೆ ಕ್ಯಾನ್ವಾಸ್ ಜೋಲಿದರೆ ಚೌಕಟ್ಟಿನ ಮೂಲೆಯ ಬೆಣೆಗಳನ್ನು ಮೆಲ್ಲಗೆ ಬಡಿದು ಬಿಗಿಮಾಡಿ.

ಚರ್ಮಕ್ಕೆ ಮಣ್ಣಿನ ಹಳದಿಯಾದ ಯೆಲ್ಲೋ ಓಕರ್, ಕೆಂಗಂದಾದ ಬರ್ನ್ಟ್ ಸಿಯೆನ್ನ, ಒಂದು ಕೆಂಪು, ಐವರಿ ಬ್ಲ್ಯಾಕ್, ಟೈಟಾನಿಯಂ ವೈಟ್ ಸಾಕು. ನಮ್ಮವರ ಕಂದು ಮೈಬಣ್ಣಕ್ಕೆ ಬಿಳಿ ಹೆಚ್ಚಾದರೆ ಸುಣ್ಣ ಬಳಿದಂತಾಗುತ್ತದೆ. ತಿಳಿಗೊಳಿಸಲು ಮೊದಲು ಓಕರ್ ಬೆರೆಸಿ ನೋಡಿ. ಹಣೆ, ಮೂಗಿನ ತುದಿಯ ಹೊಳಪಿಗೆ ಕಿಟಕಿಯಾಚೆಯ ಆಕಾಶದ ತಂಪು ಛಾಯೆ ಇರುತ್ತದೆ. ನೆರಳಿನಲ್ಲಿ ಬಣ್ಣ ತೆಳುವಾಗಿರಲಿ, ಬೆಳಕಿನಲ್ಲಿ ದಪ್ಪವಾಗಿರಲಿ.

ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ. ಅದು ತಾನೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿಡಿ. ಕೊನೆಯ ವಾರ್ನಿಶ್‌ಗೆ ಕನಿಷ್ಠ 6 ತಿಂಗಳು ಕಾಯಿರಿ. ನಮ್ಮ ಕಡೆ ಅದಕ್ಕೆ ಡಿಸೆಂಬರ್, ಜನವರಿಯ ಒಣ ಹಗಲೇ ಸರಿ. ನಮಸ್ಕಾರ.