ನಮ್ಮೂರ ಫುಟ್ಬಾಲು, ನಮ್ಮ ಟೀಮು

ಕೇಳುಗರೇ, ನಮಸ್ಕಾರ.

ಬೆಂಗಳೂರು ಅಂದರೆ ಕ್ರಿಕೆಟ್ ಊರು ಅಂತ ತುಂಬಾ ಜನ ತಿಳಿದಿದ್ದಾರೆ. ದಂಡು ಪ್ರದೇಶದ ಹಳಬರನ್ನು ಒಮ್ಮೆ ಕೇಳಿ ನೋಡಿ. ಆಸ್ಟಿನ್ ಟೌನ್, ಮರ್ಫಿ ಟೌನ್, ಹಲಸೂರಿನ ಗೌತಮಪುರ, ಈ ಕಡೆಯೆಲ್ಲ ಆಟ ಅಂದರೆ ಫುಟ್ಬಾಲೇ. ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ಇದೆ. 1937ರಲ್ಲಿ ಮುಂಬೈಯ ರೋವರ್ಸ್ ಕಪ್ ಗೆದ್ದದ್ದು ಬೆಂಗಳೂರು ಮುಸ್ಲಿಮ್ಸ್ ತಂಡ. ಮರುವರ್ಷವೂ ಅವರೇ ಗೆದ್ದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮ ದೇಶದವರು ಬಹುಪಾಲು ಬರಿಗಾಲಿನಲ್ಲೇ ಫ್ರಾನ್ಸ್ ವಿರುದ್ಧ ಆಡಿದರು. ಅಂದು ಭಾರತದ ಒಂದೇ ಗೋಲು ಹೊಡೆದ ಸಾರಂಗಪಾಣಿ ರಾಮನ್ ನಮ್ಮೂರಿನವರು.

ನಮ್ಮಪ್ಪ ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿದ್ದರು. ಹಾಗಾಗಿ ನಮ್ಮ ಮನೆಯವರಿಗೆಲ್ಲ ಎಚ್‌ಎಎಲ್ ಟೀಮೇ ನಮ್ಮ ಟೀಮು. ಆ ಕಾಲದ ಲೀಗಿನಲ್ಲಿ ಕಾರ್ಖಾನೆ ಮತ್ತು ಸೇನೆಯ ಟೀಮುಗಳದ್ದೇ ಜೋರು. ಕಾರ್ಖಾನೆ, ಸರ್ಕಾರಿ ಸಂಸ್ಥೆಗಳ ಕಡೆಯಿಂದ ಐಟಿಐ, ಬಿಇಎಂಎಲ್, ಎಲ್‌ಆರ್‌ಡಿಇ; ಸೇನೆಯ ಕಡೆಯಿಂದ ಎಂಇಜಿ, ಎಎಸ್‌ಸಿ. ಕಾರ್ಖಾನೆ ಟೀಮಿನ ಆಟಗಾರರಿಗೆ ಅಲ್ಲೇ ನೌಕರಿಯೂ ಇರುತ್ತಿತ್ತು. ಭಾನುವಾರ ಗೋಲು ಹೊಡೆದವನು ಸೋಮವಾರ ಕ್ಯಾಂಟೀನಿನಲ್ಲಿ ನಮ್ಮಪ್ಪನ ಹಿಂದೆ ಊಟಕ್ಕೆ ಸಾಲು ನಿಂತಿರುತ್ತಿದ್ದ. ಅವನ ಮೊಣಕಾಲಿಗೆ ಪೆಟ್ಟಾದರೆ ಸಂಜೆಗೇ ನಮ್ಮ ಮನೆಗೆ ಸುದ್ದಿ. ಅಮ್ಮ ಒಂದು ದಿನವೂ ಮ್ಯಾಚ್ ನೋಡಿದವಳಲ್ಲ. ಆದರೂ ಲೆಫ್ಟ್ ಬ್ಯಾಕ್ ಆಡುವವನಿಗೆ ಹೆಣ್ಣು ಗೊತ್ತಾಯಿತಾ ಅಂತ ವಿಚಾರಿಸುತ್ತಿದ್ದಳು.

ಅಶೋಕನಗರದ ಬೆಂಗಳೂರು ಫುಟ್ಬಾಲ್ ಸ್ಟೇಡಿಯಮ್ಮಿಗೆ ಅಪ್ಪ ನನ್ನನ್ನು ಸೈಕಲ್ಲಿನಲ್ಲಿ ಕರೆದುಕೊಂಡು ಹೋಗುತ್ತಿದ್ದರು. ಕಲ್ಲಿನ ಮೆಟ್ಟಿಲು, ಪೊಟ್ಟಣದಲ್ಲಿ ಕಡ್ಲೆಕಾಯಿ, ಸುತ್ತ ತಮಿಳು, ಕನ್ನಡ, ದಖ್ಖನಿ ಉರ್ದು, ಇಂಗ್ಲಿಷು. ರೆಫರಿಗೆ ಬೈಗುಳ ನಾಲ್ಕೂ ಭಾಷೆಯಲ್ಲಿ ಹೋಗುತ್ತಿತ್ತು. ನನ್ನ ತಮಿಳು ಪೂರ್ತಿ ಆ ಮೆಟ್ಟಿಲ ಮೇಲೆ ಕಲಿತದ್ದು. ಪಕ್ಕದಲ್ಲಿ ಕೂತ ಮುದುಕರು ಮೈಸೂರು ತಂಡದ, ಅಂದರೆ ಆಗಿನ ನಮ್ಮ ರಾಜ್ಯ ತಂಡದ ಕಥೆ ಹೇಳುತ್ತಿದ್ದರು. 1967–68 ಮತ್ತು 1968–69, ಸತತ ಎರಡು ವರ್ಷ ರಾಜ್ಯ ತಂಡಗಳ ರಾಷ್ಟ್ರೀಯ ಪಂದ್ಯಾವಳಿ ಸಂತೋಷ್ ಟ್ರೋಫಿ ಗೆದ್ದ ತಂಡ ಅದು. ಇನ್ನೇನು ಮತ್ತೆ ಗೆಲ್ತೀವಿ ಅಂತ ಅವರು ಪ್ರತಿ ವರ್ಷ ಅನ್ನುತ್ತಿದ್ದರು. ಪಾಪ, ಅವರಲ್ಲಿ ಹೆಚ್ಚಿನವರು ಅದನ್ನು ನೋಡಲಿಲ್ಲ.

ಬೆಂಗಳೂರಿನ ಅಭಿಮಾನಿಗೆ ಒಂದು ನೋವು ಮಾತ್ರ ಇದ್ದೇ ಇತ್ತು. ಒಳ್ಳೆಯ ಆಟಗಾರ ಬೆಳೆದ ಅಂದರೆ ಕಲ್ಕತ್ತದಿಂದ ಕರೆ ಬರುತ್ತಿತ್ತು. ಅಹಮದ್ ಖಾನ್ ಹೋದರು, ಅಲ್ಲಿನ ಈಸ್ಟ್ ಬೆಂಗಾಲ್ ಕ್ಲಬ್ಬಿನಲ್ಲಿ ಪಂಚಪಾಂಡವರು ಅನ್ನಿಸಿಕೊಂಡ ಐವರು ಫಾರ್ವರ್ಡ್ ಆಟಗಾರರಲ್ಲಿ ಒಬ್ಬರಾದರು. ನನ್ನ ಕಾಲಕ್ಕೆ ಆಸ್ಟಿನ್ ಟೌನಿನ ಕಾರ್ಲ್‌ಟನ್ ಚಾಪ್ಮನ್ ಹೋದರು. 1993ರಲ್ಲಿ ಇರಾಕಿನ ಅಲ್ ಜವ್ರಾ ತಂಡದ ಮೇಲೆ ಅವರು ಹ್ಯಾಟ್ರಿಕ್ ಹೊಡೆದರು. ನಾವು ಮಾತ್ರ ದೂರದೂರಿಗೆ ಕೆಲಸಕ್ಕೆ ಹೋದ ಮಗನ ಕಾಗದಕ್ಕೆ ಕಾಯುವ ಹಾಗೆ ಪೇಪರಿಗೆ ಕಾಯುತ್ತಿದ್ದೆವು. ಚಾಪ್ಮನ್ 2020ರಲ್ಲಿ ತೀರಿಕೊಂಡರು. ನನಗೆ ಇವತ್ತಿಗೂ ಅವರಂಥ ಮಿಡ್‌ಫೀಲ್ಡರ್ ಕಾಣಲಿಲ್ಲ.

ನಮ್ಮ ಎಚ್‌ಎಎಲ್ ಕೊನೆಗೂ ಆಗ ದೇಶದ ಅತಿ ದೊಡ್ಡ ಲೀಗಾಗಿದ್ದ ಐ-ಲೀಗಿಗೆ ಏರಿತು. 2010–11, 2011–12, ಎರಡು ಸೀಸನ್. ದೊಡ್ಡ ದುಡ್ಡಿನ ಕ್ಲಬ್ಬುಗಳ ಎದುರು ಊರಿನ ಹುಡುಗರು. ಸೋಲೇ ಜಾಸ್ತಿ. ಎರಡನೇ ಸೀಸನ್ನಿನ ಕೊನೆಗೆ ಕೆಳಗಿಳಿದರು. ಆಗ ಅಪ್ಪ ಇರಲಿಲ್ಲ. ಇದ್ದಿದ್ದರೆ ಅವತ್ತು ಖಂಡಿತ ಊಟ ಮಾಡುತ್ತಿರಲಿಲ್ಲ.

2013ರಲ್ಲಿ ಬೆಂಗಳೂರು ಎಫ್‌ಸಿ ಬಂತು. ಹೊಸ ಕ್ಲಬ್ಬು, ಇಂಗ್ಲೆಂಡಿನ ಕೋಚ್ ಆ್ಯಶ್ಲಿ ವೆಸ್ಟ್‌ವುಡ್, ನಾಯಕ ಸುನಿಲ್ ಛೆಟ್ರಿ. ನಮ್ಮ ಬೀದಿಯಲ್ಲಿ ಬೆಳೆದವರು ಎಷ್ಟು ಜನ ಇದ್ದಾರೆ ಅಂತ ನಾನು ಪಟ್ಟಿ ನೋಡಿದೆ. ಸಿಕ್ಕಿದ್ದು ಕಮ್ಮಿ. ಇದು ನಮ್ಮ ಟೀಮಾ ಅನ್ನುವ ಅನುಮಾನ ಇತ್ತು. ಆದರೆ ಮೊದಲ ಮ್ಯಾಚು ಅದೇ ಅಶೋಕನಗರದ ಸ್ಟೇಡಿಯಮ್ಮಿನಲ್ಲಿ. ಎದುರಾಳಿ ಮೋಹನ್ ಬಗಾನ್. ನಮ್ಮ ಹುಡುಗರನ್ನು ಕರೆಸಿಕೊಳ್ಳುತ್ತಿದ್ದ ಊರಿನ ಕ್ಲಬ್ಬು! ಒಂದು-ಒಂದರ ಡ್ರಾ ಆಯಿತು. ಆ ವರ್ಷವೇ ಇವರು ಐ-ಲೀಗ್ ಗೆದ್ದುಬಿಟ್ಟರು. ಗೋವಾದಲ್ಲಿ ಡೆಂಪೊ ತಂಡವನ್ನು ನಾಲ್ಕು-ಎರಡರಿಂದ ಸೋಲಿಸಿ ಕಪ್ಪು ಖಾತ್ರಿ ಮಾಡಿಕೊಂಡ ದಿನ ನಾನು ಟಿವಿ ಮುಂದೆ ಅತ್ತೆ. ಇಷ್ಟು ವರ್ಷ ನಾವು ಆಟಗಾರರನ್ನು ಕಳಿಸಿಕೊಟ್ಟಿದ್ದೆವು. ಈಗ ದೇಶದ ದೊಡ್ಡ ಆಟಗಾರರು ನಮ್ಮೂರಿಗೆ ಬಂದು ಆಡುತ್ತಿದ್ದರು.

ಕಂಠೀರವದಲ್ಲಿ 2016ರ ಅಕ್ಟೋಬರ್ 19ರ ರಾತ್ರಿಯನ್ನು ಹೇಳದೆ ಇರಲಾರೆ. ಏಷ್ಯಾದ ಕ್ಲಬ್ಬುಗಳು ಆಡುವ ಎಎಫ್‌ಸಿ ಕಪ್ಪಿನ ಸೆಮಿಫೈನಲ್. ಮಲೇಷ್ಯಾದ ಜೊಹೊರ್ ತಂಡ ಹಿಂದಿನ ವರ್ಷದ ಚಾಂಪಿಯನ್. ಮೊದಲು ಗೋಲು ಹೊಡೆದದ್ದೂ ಅವರೇ. ನನ್ನ ಪಕ್ಕ ಕೂತ ಕಾಲೇಜು ಹುಡುಗಿ ಎರಡೂ ಕೈ ಬಾಯಿಗೆ ಇಟ್ಟುಕೊಂಡಳು. ಆಮೇಲೆ ಛೆಟ್ರಿ ಒಂದು, ಮತ್ತೆ ಛೆಟ್ರಿ ಇನ್ನೊಂದು, ಕೊನೆಗೆ ಹುವಾನನ್. ಮೂರು-ಒಂದು! ಭಾರತದ ಕ್ಲಬ್ಬೊಂದು ಆ ಕಪ್ಪಿನ ಫೈನಲ್ಲಿಗೆ ಹೋದದ್ದು ಅದೇ ಮೊದಲು. ನಮ್ಮ ಕ್ಲಬ್ಬಿನ ಅಭಿಮಾನಿ ಬಳಗ ವೆಸ್ಟ್ ಬ್ಲಾಕ್ ಬ್ಲೂಸ್‌ನ ಮಕ್ಕಳು ಹಾಡು ನಿಲ್ಲಿಸಲೇ ಇಲ್ಲ. ಆ ಹುಡುಗಿ ಗುರುತು ಪರಿಚಯ ಇಲ್ಲದ ನನ್ನನ್ನು ‘ಅಂಕಲ್, ಗೆದ್ವಿ’ ಅಂತ ತಬ್ಬಿಕೊಂಡಳು. ಅನುಮಾನ ಅವತ್ತಿಗೆ ಮುಗಿಯಿತು. ದೋಹಾದ ಫೈನಲ್ಲಿನಲ್ಲಿ ಒಂದು ಗೋಲಿನಿಂದ ಸೋತೆವು. ಇರಲಿ.

2018ರ ಮಾರ್ಚ್ 17ರಂದು ಐಎಸ್‌ಎಲ್, ಅಂದರೆ ಇಂಡಿಯನ್ ಸೂಪರ್ ಲೀಗಿನ ಫೈನಲ್. ನಮ್ಮದೇ ಅಂಗಳದಲ್ಲಿ ಚೆನ್ನೈಯವರ ಎದುರು ಸೋಲು. ಮುಂದಿನ ವರ್ಷ ಅದೇ ಮಾರ್ಚ್ 17ಕ್ಕೆ ಮುಂಬೈಯಲ್ಲಿ ರಾಹುಲ್ ಭೇಕೆಯ ಹೆಡ್ಡರ್‌ನಿಂದ ಕಪ್ಪು ನಮ್ಮದಾಯಿತು.

ಮತ್ತೆ 2023ರ ಮಾರ್ಚ್. ಸೌದಿಯ ರಿಯಾದ್‌ನಲ್ಲಿ ಮೇಘಾಲಯವನ್ನು ಮೂರು-ಎರಡರಿಂದ ಸೋಲಿಸಿ ಕರ್ನಾಟಕ ಸಂತೋಷ್ ಟ್ರೋಫಿ ಗೆದ್ದಿತು. 54 ವರ್ಷಗಳ ನಂತರ! ಕಲ್ಲಿನ ಮೆಟ್ಟಿಲ ಮುದುಕರು ಹೇಳುತ್ತಿದ್ದದ್ದು ನಿಜವಾಯಿತು, ಅಲ್ವಾ? ಆ ತಂಡದ ಹೆಸರುಗಳು ಟಿವಿ ನೋಡುವವರಿಗೆ ಅಷ್ಟಾಗಿ ಗೊತ್ತಿಲ್ಲ. ನಮ್ಮ ರಾಜ್ಯದ ಲೀಗು ನೋಡುವವರಿಗೆ ಗೊತ್ತು.

ಕೇಳುಗರೇ, ಒಂದು ಕೇಳಿಕೆ ಇದೆ. ಕಂಠೀರವಕ್ಕೆ ಬನ್ನಿ, ನೀಲಿ ಜೆರ್ಸಿ ಹಾಕಿಕೊಂಡೇ ಬನ್ನಿ. ಜೊತೆಗೆ ಒಂದು ಸಂಜೆ ಅಶೋಕನಗರಕ್ಕೂ ಹೋಗಿ. ರಾಜ್ಯ ಫುಟ್ಬಾಲ್ ಸಂಸ್ಥೆಯ ಸೂಪರ್ ಡಿವಿಷನ್ ಮ್ಯಾಚ್ ಇದ್ದರೆ ಸುಮ್ನೆ ಒಳಗೆ ಹೋಗಿ ಕೂರಿ. ಜನ ಕಮ್ಮಿ ಇರುತ್ತಾರೆ. ನೀವು ಕೂಗಿದ್ದು ಆ ಹುಡುಗರಿಗೆ ಕೇಳಿಸುತ್ತದೆ. ಮಕ್ಕಳನ್ನೂ ಕರೆದುಕೊಂಡು ಹೋಗಿ.

ನಮಸ್ಕಾರ.